ನೂಕುವುದು ಬೇಡ, ಜೊತೆಗೆ ಬನ್ನಿ: ಗಾಯಾಳು ಯೋಧರಿಗಾಗಿ ಬೆಳಗಾವಿಯಿಂದ ಖಾನಾಪುರಕ್ಕೆ ಸೈಕಲ್

ನಮ್ಮ ಕರಾವಳಿಯ ಬ್ಯಾರಿ ಮನೆಗಳಿಗೆ ಬೆಳಗಾವಿ ಸ್ವಲ್ಪ ದೂರದ ಊರು. ಮಗ ಅಲ್ಲಿ ಇಂಜಿನಿಯರಿಂಗ್‌ಗೋ ಮೆಡಿಕಲ್‌ಗೋ ಸೇರಿದ್ದರೆ ಆ ಹೆಸರು ದಿನಾ ಬಾಯಿಗೆ ಬರುತ್ತದೆ. ಇಲ್ಲವಾದರೆ ವರ್ಷಕ್ಕೊಮ್ಮೆ ಸುವರ್ಣ ವಿಧಾನಸೌಧದ ಅಧಿವೇಶನದ ಸುದ್ದಿ, ಯಾರಾದರೂ ತಂದುಕೊಟ್ಟರೆ ಒಂದು ಪೊಟ್ಟಣ ಕುಂದಾ, ಅಷ್ಟೇ. ಆದರೆ ಬೆಳಗಾವಿ ಮುಖ್ಯವಾಗಿ ಸೈನ್ಯದ ಊರು. 1768ರಲ್ಲಿ ಹುಟ್ಟಿದ ಪಡೆಯಿಂದ ಬೆಳೆದು ಬಂದ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಇರುವುದು ಇಲ್ಲಿ. ಕಮಾಂಡೊ ತರಬೇತಿ ನಡೆಯುವುದೂ ಇಲ್ಲೇ. ರಾಷ್ಟ್ರೀಯ ಮಿಲಿಟರಿ ಶಾಲೆಯೂ ಇದೆ. ಬೆಳಗ್ಗೆ ಕ್ಯಾಂಪ್ ಪ್ರದೇಶದ ಕಡೆ ಹೋದರೆ ತಲೆ ಬೋಳಿಸಿಕೊಂಡ ಹುಡುಗರು ಸಾಲಾಗಿ ಓಡುವುದು ಕಾಣುತ್ತದೆ.

ಹೀಗೆ ಓಡುತ್ತಾ ಹೋದವರನ್ನು ಊರು ನೋಡುತ್ತದೆ. ಗಾಯಗೊಂಡು ತಿರುಗಿ ಬಂದವರನ್ನು ನೋಡುವುದು ಕಡಿಮೆ. ಹುತಾತ್ಮರಾದವರ ಮನೆಗೆ ಮಂತ್ರಿಗಳು ಬರುತ್ತಾರೆ, ರಸ್ತೆಗೆ ಹೆಸರಿಡುತ್ತಾರೆ. ಕಾಲು ಕಳೆದುಕೊಂಡು, ಬೆನ್ನುಹುರಿಗೆ ಪೆಟ್ಟು ಬಿದ್ದು ಬದುಕಿ ಬಂದವನ ಮನೆಗೆ ಮೊದಲ ಒಂದು ತಿಂಗಳು ಜನ ಬರುತ್ತಾರೆ, ಆಮೇಲೆ ಯಾರೂ ಇಲ್ಲ. ಅಂಥವರಿಗಾಗಿ, ಅಂಥವರ ಜೊತೆಯಲ್ಲೇ ನಡೆದ ಒಂದು ಸಣ್ಣ ಸೈಕಲ್ ಸವಾರಿಗೆ ನಾನೂ ಸೇರಿಕೊಂಡೆ. ಅದರ ವಿವರ ನಮ್ಮ ಓದುಗರಿಗೆ, ಮುಖ್ಯವಾಗಿ ಬೆಳಗಾವಿಯಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ, ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ಕಿಲೋಮೀಟರಿಗೆ 10 ರೂಪಾಯಿ

ಸವಾರಿಯ ಹಿಂದೆ ದೊಡ್ಡ ಸಂಸ್ಥೆಯೇನೂ ಇರಲಿಲ್ಲ. ಟಿಳಕವಾಡಿ ಕಡೆಯ ಕೆಲವು ಗೆಳೆಯರು, ಭಾನುವಾರ ಭಾನುವಾರ ಸೈಕಲ್ ತುಳಿಯುವವರು, ಡಿಸೆಂಬರ್ ಮೊದಲ ವಾರಕ್ಕೆ ಇದನ್ನು ಇಟ್ಟುಕೊಂಡಿದ್ದರು. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದುಬಂದ ದಿನ ಅದು. ಶಾಲೆಯಲ್ಲಿ ಸಣ್ಣ ಬಾವುಟ ಅಂಗಿಗೆ ಚುಚ್ಚಿಕೊಂಡು ಡಬ್ಬಿಗೆ ಕಾಸು ಹಾಕಿದ ನೆನಪು ನಮ್ಮಲ್ಲಿ ತುಂಬಾ ಜನರಿಗೆ ಇರಬಹುದು. ಆ ಕಾಸು ಎಲ್ಲಿಗೆ ಹೋಗುತ್ತದೆ ಅಂತ ಆಗ ಯಾರೂ ಕೇಳಿರಲಿಕ್ಕಿಲ್ಲ.

ದುಡ್ಡು ಎತ್ತುವ ಕ್ರಮ ಸುಲಭ. ಬೆಳಗಾವಿಯಿಂದ ಖಾನಾಪುರಕ್ಕೆ 26 ಕಿಲೋಮೀಟರ್, ಹೋಗಿ ಬರಲು 52. ಸವಾರಿ ಮಾಡುವವನು ತನ್ನ ಗುರುತಿನವರಲ್ಲಿ ಕೇಳುತ್ತಾನೆ: ನಾನು ತುಳಿದ ಪ್ರತಿ ಕಿಲೋಮೀಟರಿಗೆ ನೀವು ಎಷ್ಟು ಕೊಡುತ್ತೀರಿ? 10 ರೂಪಾಯಿ ಅಂದರೆ ಪೂರ್ತಿ ಸವಾರಿಗೆ 520 ರೂಪಾಯಿ. ಅರ್ಧ ದಾರಿಯಲ್ಲಿ ನಿಲ್ಲಿಸಿದರೆ ಅರ್ಧ ದುಡ್ಡು. ಕೊಡುವವನಿಗೂ ಒಂದು ಲೆಕ್ಕ, ತುಳಿಯುವವನಿಗೂ ಒಂದು ಹಠ.

ನಾನು ಮನೆಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಮೊದಲು ಬಂದದ್ದು ಉಮ್ಮನ ಫೋನ್. "ಅಲ್ಲಿಗೆ ಬಸ್ ಇಲ್ಲವಾ ಮೋನೆ?" ಅಂತ ಕೇಳಿದರು. ಬಸ್ಸೂ ಇದೆ, ರೈಲೂ ಇದೆ, ಸೈಕಲ್‌ನಲ್ಲಿ ಹೋಗುವುದೇ ಕೆಲಸ ಅಂತ ವಿವರಿಸಬೇಕಾಯಿತು. ಜುಬೈಲ್‌ನಲ್ಲಿರುವ ಭಾವ ಕಿಲೋಮೀಟರಿಗೆ 50 ಒಪ್ಪಿಕೊಂಡರು. ತಂಗಿ 5 ರೂಪಾಯಿ ಅಂದಳು, "ಬರುವಾಗ ಕುಂದಾ ತಂದರೆ 10."

ಗುಂಪಿನಲ್ಲಿ ಇನ್ನೊಂದು ಮಾತೂ ಬಂತು. ಹಿರಿಯರೊಬ್ಬರು ಬರೆದರು: "ನಮ್ಮ ಹುಡುಗರು ಹೋದರೆ ತೋರಿಕೆಗೆ ಹೋದರು ಅನ್ನುತ್ತಾರೆ. ಹೋಗದಿದ್ದರೆ ಯಾಕೆ ಹೋಗಲಿಲ್ಲ ಅನ್ನುತ್ತಾರೆ. ಸುಮ್ಮನೆ ಹಣ ಕಳಿಸಿಬಿಡುವುದು ಒಳ್ಳೆಯದಲ್ಲವಾ?" ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ, ನಮ್ಮ ಕಾಲದ ಮಾತು ಅದು. ಆದರೆ ಹಣ ಕಳಿಸಿ ದೂರ ನಿಂತರೆ ಆ ಮನುಷ್ಯನ ಪರಿಚಯ ಆಗುವುದಿಲ್ಲ. ಕಾಲು ಹೋದವನ ಪಕ್ಕದಲ್ಲಿ ಎರಡು ಗಂಟೆ ಸೈಕಲ್ ತುಳಿಯುವಾಗ ಯಾರಿಗೂ ಯಾರ ಹೆಸರಿನ ಲೆಕ್ಕ ಇರುವುದಿಲ್ಲ. ಗಾಳಿ ಎದುರಿಗಿದೆಯಾ, ನೀರು ಎಷ್ಟಿದೆ, ಮುಂದೆ ಏರು ಇದೆಯಾ, ಇಷ್ಟೇ ಇರುತ್ತದೆ.

ಮೇಜರ್ ಜನರಲ್ ಇಯಾನ್ ಕಾರ್ಡೋಜೊ ಅವರ ಕತೆ ಇಲ್ಲಿ ನೆನಪಾಗುತ್ತದೆ. 1971ರ ಯುದ್ಧದಲ್ಲಿ, ಇಂದಿನ ಬಾಂಗ್ಲಾದೇಶದಲ್ಲಿ, ಗೂರ್ಖಾ ಪಡೆಯ ಅಧಿಕಾರಿಯಾಗಿದ್ದ ಅವರು ನೆಲಬಾಂಬ್ ಮೇಲೆ ಕಾಲಿಟ್ಟರು. ಜಜ್ಜಿಹೋದ ಕಾಲನ್ನು ತಮ್ಮ ಖುಕ್ರಿಯಿಂದ ತಾವೇ ಕತ್ತರಿಸಿಕೊಂಡರು. ಆಮೇಲೆ ಅವರಿಗೆ ಶಸ್ತ್ರಚಿಕಿತ್ಸೆ ಮಾಡಿದ್ದು ಯುದ್ಧಕೈದಿಯಾಗಿ ಸೆರೆ ಸಿಕ್ಕಿದ್ದ ಪಾಕಿಸ್ತಾನದ ಸೇನಾ ವೈದ್ಯ ಮೇಜರ್ ಮುಹಮ್ಮದ್ ಬಶೀರ್. ಕಾರ್ಡೋಜೊ ಕೃತಕ ಕಾಲಿನಲ್ಲೇ ಸೇನೆಯಲ್ಲಿ ಮುಂದುವರಿದು ಬೆಟಾಲಿಯನ್ ಮುನ್ನಡೆಸಿದರು. ಯುದ್ಧದ ನಡುವೆಯೂ ವೈದ್ಯ ಗಾಯವನ್ನು ನೋಡಿದ, ಬಾವುಟವನ್ನು ನೋಡಲಿಲ್ಲ. ಗುಂಪಿನ ಹಿರಿಯರಿಗೆ ನಾನು ಇದನ್ನೇ ಬರೆದೆ. ಅವರು ಉತ್ತರ ಬರೆಯಲಿಲ್ಲ. ಸಂಜೆಗೆ 1,000 ರೂಪಾಯಿ ಕಳಿಸಿದರು.

ಸೈಕಲ್ಲೇ ಯಾಕೆ?

ಗಾಯಗೊಂಡ ಯೋಧರಿಗಾಗಿ ಸೈಕಲ್ ತುಳಿಯುವುದು ಹೊಸ ವಿಷಯವಲ್ಲ. 2004ರಲ್ಲಿ ಅಮೆರಿಕದ ಲಾಂಗ್ ಐಲ್ಯಾಂಡ್‌ನ ಕ್ರಿಸ್ ಕಾರ್ನಿ ಎಂಬ ಯುವಕ ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಗಾಯಗೊಂಡು ಬಂದವರಿಗಾಗಿ ಒಂದು ಸಮುದ್ರತೀರದಿಂದ ಇನ್ನೊಂದು ಸಮುದ್ರತೀರದವರೆಗೆ ದೇಶವನ್ನೇ ಸೈಕಲ್‌ನಲ್ಲಿ ದಾಟಿ ಹಣ ಎತ್ತಿದ. ಮರುವರ್ಷ ಗಾಯಾಳುಗಳೇ ಸವಾರಿಗೆ ಸೇರಿಕೊಂಡರು. ಬ್ರಿಟನ್‌ನಲ್ಲಿ ಬ್ರಿನ್ ಮತ್ತು ಎಮ್ಮಾ ಪ್ಯಾರಿ ದಂಪತಿ 2007ರಲ್ಲಿ ಆಸ್ಪತ್ರೆಯಲ್ಲಿದ್ದ ಯೋಧರನ್ನು ನೋಡಿ ಬಂದವರು, ಏನಾದರೂ ಮಾಡೋಣ ಅಂತ ಹೊರಟಾಗ ಮೊದಲು ಹೊಳೆದದ್ದು ಸೈಕಲ್ ಸವಾರಿ. ಮರುವರ್ಷ ಸುಮಾರು 300 ಮಂದಿ ಫ್ರಾನ್ಸಿನ ಹಳೆಯ ರಣರಂಗಗಳ ದಾರಿಯಲ್ಲಿ ಸೈಕಲ್ ತುಳಿದರು. ಅವರ ಮೊದಲ ಗುರಿ ಚಿಕಿತ್ಸಾ ಕೇಂದ್ರವೊಂದಕ್ಕೆ ಈಜುಕೊಳ ಕಟ್ಟಿಸುವುದಾಗಿತ್ತು.

ನಮ್ಮ ದೇಶದಲ್ಲಿ ಹೈದರಾಬಾದ್‌ನ ಆದಿತ್ಯ ಮೆಹ್ತಾ ಫೌಂಡೇಶನ್ ಇದೆ. ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡ ಆದಿತ್ಯ ಮೆಹ್ತಾ ಸ್ವತಃ ಸೈಕಲ್ ಸ್ಪರ್ಧಿ. ಅವರ ಸಂಸ್ಥೆ ಗಾಯಗೊಂಡ ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್ ಯೋಧರಿಗೂ ಸೈಕಲ್ ಮತ್ತಿತರ ಕ್ರೀಡೆಗಳಲ್ಲಿ ತರಬೇತಿ ಕೊಡುತ್ತದೆ. 2020ರ ನವೆಂಬರ್‌ನಲ್ಲಿ ಶ್ರೀನಗರದಿಂದ ಹೊರಟ ಅವರ ತಂಡ ಡಿಸೆಂಬರ್ ಕೊನೆಗೆ ಕನ್ಯಾಕುಮಾರಿ ಮುಟ್ಟಿತು. 3,800 ಕಿಲೋಮೀಟರಿಗೂ ಮೇಲಿನ ದಾರಿ. ತಂಡದಲ್ಲಿ ಅಂಗವಿಕಲ ಸವಾರರು, ಮಾಮೂಲು ಸವಾರರು ಎಲ್ಲರೂ ಇದ್ದರು.

ಸೈಕಲ್ಲೇ ಯಾಕೆ ಅಂದರೆ ಅದಕ್ಕೆ ಸರಿಯಾದ ಕಾರಣ ಇದೆ. ಕೃತಕ ಕಾಲಿನಲ್ಲಿ ಓಡುವಾಗ ಇಡೀ ದೇಹದ ಭಾರ ಕತ್ತರಿಸಿ ಉಳಿದ ಕಾಲಿನ ತುದಿಯ ಮೇಲೆ ಬೀಳುತ್ತದೆ. ಸೈಕಲ್‌ನಲ್ಲಿ ಭಾರ ಹೊರುವುದು ಸೀಟು. ಕಾಲುಗಳಿಗೆ ತ್ರಾಣವಿಲ್ಲದವರಿಗೆ ಕೈಯಿಂದ ಪೆಡಲ್ ತಿರುಗಿಸುವ ಮೂರು ಗಾಲಿಯ ಸೈಕಲ್ ಇದೆ. ಕಣ್ಣು ಹೋದವರು ಇಬ್ಬರು ಕೂರುವ ಸೈಕಲ್‌ನ ಹಿಂದಿನ ಸೀಟಿನಲ್ಲಿ ಕೂತು ಮುಂದಿನವನಷ್ಟೇ ತುಳಿಯಬಹುದು. ಗುಂಪಿನಲ್ಲಿ ಎಲ್ಲರೂ ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ ಹೋಗಬಹುದಾದ ವ್ಯಾಯಾಮ ಬೇರೆ ಯಾವುದಿದೆ?

ಮೂರನೇ ಗೇಟಿನಿಂದ ಗಣೇಬೈಲ್‌ವರೆಗೆ

ಬೆಳಗ್ಗೆ ಆರೂವರೆಗೆ ರಾಣಿ ಚೆನ್ನಮ್ಮ ವೃತ್ತದಲ್ಲಿ ಸೇರಿದೆವು. ಡಿಸೆಂಬರ್‌ನ ಬೆಳಗಾವಿ ಚಳಿ ನಮ್ಮ ಕರಾವಳಿಯವರಿಗೆ ಸ್ವಲ್ಪ ಜಾಸ್ತಿಯೇ. ಕೈಗೆ ಗವಸು ಇಲ್ಲದೆ ಬ್ರೇಕ್ ಹಿಡಿಯಲು ಆಗುವುದಿಲ್ಲ. ಸುಮಾರು ಮೂವತ್ತು ಜನ ಇದ್ದೆವು. ಬ್ಯಾಂಕಿನವರು, ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುವ ಇಬ್ಬರು, ಕಾಲೇಜು ಹುಡುಗ ಹುಡುಗಿಯರು, ನಿವೃತ್ತ ಮೇಷ್ಟ್ರೊಬ್ಬರು. ಗಾಯಾಳು ಮಾಜಿ ಸೈನಿಕರು ಮೂವರು. ಒಬ್ಬರು ಕೈಯಿಂದ ತಿರುಗಿಸುವ ಸೈಕಲ್‌ನಲ್ಲಿ, ಒಂದು ಕೈಯ ಬೆರಳುಗಳಿಲ್ಲದ ಇನ್ನೊಬ್ಬರು ಎರಡೂ ಬ್ರೇಕನ್ನು ಒಂದೇ ಕಡೆಗೆ ಜೋಡಿಸಿಕೊಂಡ ಸೈಕಲ್‌ನಲ್ಲಿ. ಮೂರನೆಯವರು ಖಾನಾಪುರ ತಾಲೂಕಿನ ಹಳ್ಳಿಯ ನಿವೃತ್ತ ಹವಾಲ್ದಾರರು. ಕಾಶ್ಮೀರದಲ್ಲಿ ನೆಲಬಾಂಬ್ ಸಿಡಿದು ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಹೆಸರು ಬರೆಯಲೇ ಅಂತ ಕೇಳಿದಾಗ, "ಬ್ಯಾಡ್ರಿ. ನನ್ನಂಥಾವ್ರು ಈ ಕಡೆ ಭಾಳ ಮಂದಿ ಅದಾರ. ನನ್ನೊಬ್ಬಂದ್ಯಾಕ ಹೆಸರು?" ಅಂದರು. ಹಾಗಾಗಿ ಹವಾಲ್ದಾರರು ಅಂತಲೇ ಬರೆಯುತ್ತೇನೆ.

ಹೊರಡುವ ಮುಂಚೆ ನಿಯಮ ಹೇಳಿದರು. ಅತಿ ನಿಧಾನ ಹೋಗುವವರು ಎಲ್ಲರಿಗಿಂತ ಮುಂದೆ. ಅವರನ್ನು ಯಾರೂ ದಾಟುವ ಹಾಗಿಲ್ಲ. ಎಲ್ಲರ ಹಿಂದೆ ಒಬ್ಬ ಅನುಭವಿ ಸವಾರ, ಅವನ ಹಿಂದೆ ಟೆಂಪೋ. ಇಬ್ಬರಿಗಿಂತ ಹೆಚ್ಚು ಜನ ಅಕ್ಕಪಕ್ಕ ಹೋಗಬಾರದು, ಲಾರಿ ಬಂದರೆ ಒಂದೇ ಸಾಲು. ಗುಂಡಿ ಕಂಡರೆ ಮುಂದಿನವನು ಕೈ ತೋರಿಸಬೇಕು, ಹಿಂದಿನವನು ಅದನ್ನೇ ಮಾಡಬೇಕು. ಹುಡುಗರಿಗೆ ಮೊದಲ ನಿಯಮವೇ ಕಷ್ಟ. ಗೇರ್ ಇರುವ ಸೈಕಲ್ ಕೊಟ್ಟು ನಿಧಾನ ಹೋಗು ಅಂದರೆ ಯಾರಿಗೆ ಸಹನೆ ಇರುತ್ತದೆ?

ಗೋವಾವೇಸ್, ಮೂರನೇ ರೈಲ್ವೆ ಗೇಟ್, ಉದ್ಯಮಬಾಗ, ಪೀರನವಾಡಿ ದಾಟಿ ಮಚ್ಛೆ ಬಂತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನಸಂಗಮ ಇರುವುದು ಇಲ್ಲೇ. ನಮ್ಮ ಎಷ್ಟೋ ಮಕ್ಕಳ ಅಂಕಪಟ್ಟಿಯ ಮೇಲೆ ಇರುವ ಹೆಸರು. ದೇಸೂರು ಕಳೆದ ಮೇಲೆ ಊರಿನ ಗದ್ದಲ ಮುಗಿಯುತ್ತದೆ. ಗೋವಾ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ ಇದು, ಲಾರಿಗಳ ಸಾಲು ಇರುತ್ತದೆ. ಹಾಗಾಗಿ ಎಡ ಅಂಚು ಬಿಡುವ ಹಾಗಿಲ್ಲ. ಇದಲಹೊಂಡ, ಆಮೇಲೆ ಗಣೇಬೈಲ್‌ನ ಟೋಲ್ ನಾಕಾ. ಟೋಲ್‌ನಲ್ಲಿ ಸೈಕಲ್‌ಗೆ ದುಡ್ಡಿಲ್ಲ. ಹವಾಲ್ದಾರರು ಸಿಬ್ಬಂದಿಗೆ ಸೆಲ್ಯೂಟ್ ಹೊಡೆದು ದಾಟಿದರು, ಅವರೂ ನಗುತ್ತಾ ಹೊಡೆದರು.

ದಾರಿಯಲ್ಲಿ ಒಂದು ಸಣ್ಣ ಏರಿನಲ್ಲಿ ಹವಾಲ್ದಾರರ ವೇಗ ತೀರಾ ಕಡಿಮೆ ಆಯಿತು. ಕಾಲೇಜು ಹುಡುಗನೊಬ್ಬ ಪಕ್ಕಕ್ಕೆ ಬಂದು, ಒಳ್ಳೆಯ ಮನಸ್ಸಿನಿಂದಲೇ, ಅವರ ಬೆನ್ನಿಗೆ ಕೈ ಕೊಟ್ಟು ನೂಕಲು ನೋಡಿದ. ಹವಾಲ್ದಾರರು ತಿರುಗಿ ನೋಡದೆ ಹೇಳಿದರು: "ತಮ್ಮಾ, ನೂಕಬ್ಯಾಡ. ಜೋಡಿ ಬಾ." ಹುಡುಗ ಕೈ ತೆಗೆದ. ಏರು ಮುಗಿಯುವವರೆಗೆ ಇಬ್ಬರೂ ಅಕ್ಕಪಕ್ಕ ತುಳಿದರು, ಮಾತಿಲ್ಲದೆ. ಆಮೇಲೆ ಅವರು ನಿಂತು, ಕೃತಕ ಕಾಲು ಬಿಚ್ಚಿ, ಒಳಗಿನ ಒದ್ದೆ ಕಾಲುಚೀಲ ತೆಗೆದು, ಚೀಲದಿಂದ ಒಣಗಿದ್ದು ಹಾಕಿಕೊಂಡರು. ಮೂವತ್ತು ಜನ ಕಾದರು. ಎರಡು ನಿಮಿಷದ ಕೆಲಸ ಅದು. ಮುಂದೆ ನೋಡಬೇಕಾ, ಬೇರೆ ಕಡೆ ನೋಡಬೇಕಾ ಅಂತ ಗೊತ್ತಾಗದೆ ಕೆಲವರು ತಮ್ಮ ಚೈನ್ ನೋಡತೊಡಗಿದರು.

ಮಲಪ್ರಭೆಯ ದಡದ ಮಾತು

ಖಾನಾಪುರ ಬೆಳಗಾವಿಗಿಂತ ಸುಮಾರು 100 ಮೀಟರ್ ತಗ್ಗಿನಲ್ಲಿದೆ. ಹೋಗುವಾಗ ಹಗುರ, ಬರುವಾಗ ಕಾಲು ಹೇಳುತ್ತದೆ. ಊರಿಗೆ ತಾಗಿ ಮಲಪ್ರಭಾ ನದಿ. ಅದು ಹುಟ್ಟುವುದು ಇದೇ ತಾಲೂಕಿನ ಕಣಕುಂಬಿಯಲ್ಲಿ. ಹೆಂಚು, ಮಡಕೆಗಳಿಗೆ ಹೆಸರಾದ ಊರು ಇದು, ಕುಂಬಾರಿಕೆ ಕಲಿಸುವ ಸಂಸ್ಥೆಯೂ ಇದೆ. ಇದೇ ತಾಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದ್ದು.

ತಿಂಡಿಗೆ ಕೂತಾಗ ಹವಾಲ್ದಾರರು ಮನಸ್ಸು ಬಿಚ್ಚಿ ಮಾತಾಡಿದರು. ಕಾಲು ಹೋದದ್ದಕ್ಕಿಂತ ಆಮೇಲಿನದ್ದೇ ದೊಡ್ಡ ಕತೆ ಅಂದರು. ಕತ್ತರಿಸಿದ ಕಾಲಿನ ತುದಿ ವರ್ಷ ಕಳೆದ ಹಾಗೆ ಸಣ್ಣದಾಗುತ್ತದೆ, ದೇಹದ ತೂಕ ಬದಲಾದ ಹಾಗೆ ಆಕಾರ ಬದಲಾಗುತ್ತದೆ. ಅದು ಕೂರುವ ಬಟ್ಟಲು, ಸಾಕೆಟ್ ಅನ್ನುತ್ತಾರಲ್ಲ, ಸಡಿಲವಾಗುತ್ತದೆ. ಸಡಿಲವಾದರೆ ಉಜ್ಜುತ್ತದೆ, ಉಜ್ಜಿದರೆ ಹುಣ್ಣು. ಹುಣ್ಣಾದರೆ ಗುಣವಾಗುವವರೆಗೆ ಕಾಲು ಹಾಕುವ ಹಾಗಿಲ್ಲ, ಅಂದರೆ ಹೊಲಕ್ಕೆ ಹೋಗುವ ಹಾಗಿಲ್ಲ. ಹಾಗಾಗಿ ಕೃತಕ ಕಾಲು ಒಮ್ಮೆ ಹಾಕಿದರೆ ಮುಗಿಯಿತು ಅನ್ನುವ ವಸ್ತುವಲ್ಲ. ಕೆಲವು ವರ್ಷಕ್ಕೊಮ್ಮೆ ಅಳತೆ ಕೊಟ್ಟು ಹೊಸದು ಮಾಡಿಸಬೇಕು. ಇದಕ್ಕೆ ಸೈನ್ಯದ ದೊಡ್ಡ ಕೇಂದ್ರ ಪುಣೆಯ ಆರ್ಟಿಫಿಶಿಯಲ್ ಲಿಂಬ್ ಸೆಂಟರ್, 1944ರಲ್ಲಿ ಆರಂಭವಾದದ್ದು. ಬೆಳಗಾವಿಯಿಂದ ಪುಣೆಗೆ 340 ಕಿಲೋಮೀಟರ್ ಆಸುಪಾಸು.

"ಪೆನ್ಷನ್ ಬರ್ತದರಿ, ಸುಳ್ಳು ಹೇಳಬಾರದು," ಅಂದರು. "ಔಷಧಕ್ಕ ಇಸಿಎಚ್‌ಎಸ್ ಅದ. ರೊಕ್ಕಕ್ಕಿಂತ ಜಾಸ್ತಿ ಬೇಕಾಗೂದು ಜೋಡಿ ಬರೋ ಮನಷ್ಯಾ. ಪುಣೇಕ್ಕ ಹೋಗಬೇಕಂದ್ರ ಮಗಾ ನಾಕು ದಿನ ಕೆಲಸಾ ಬಿಡಬೇಕು. ಒಂದ್ ಸಲ ಬಿಡ್ತಾನ, ಎರಡ್ ಸಲ ಬಿಡ್ತಾನ. ಆಮ್ಯಾಲ ನನಗ ನಾಚಿಕಿ ಬರ್ತದ, ನಾನs ಮುಂದೂಡ್ತೀನಿ." ಹೀಗೆ ಮುಂದೂಡಿ ಮುಂದೂಡಿ ಹಳೇ ಸಾಕೆಟ್‌ಗೆ ಬಟ್ಟೆ ಸುತ್ತಿಕೊಂಡು ಒಂದು ವರ್ಷ ನಡೆದದ್ದನ್ನೂ ಹೇಳಿದರು. ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ.

ರಾತ್ರಿ ಇಲ್ಲದ ಕಾಲು ನೋಯುತ್ತದೆ ಅಂತಲೂ ಅಂದರು. ಇದು ಬರೀ ಮನಸ್ಸಿನ ಭ್ರಮೆಯಲ್ಲ. ಕತ್ತರಿಸಿದ ನರಗಳಿಂದ, ಮಿದುಳಿನಿಂದ ಬರುವ ನಿಜವಾದ ನೋವು ಅಂತ ವೈದ್ಯರು ಒಪ್ಪುತ್ತಾರೆ. ಬೆನ್ನುಹುರಿಗೆ ಪೆಟ್ಟು ಬಿದ್ದವರ ಕಷ್ಟ ಇನ್ನೂ ಬೇರೆ. ಸೊಂಟದ ಕೆಳಗೆ ಸ್ಪರ್ಶ ಗೊತ್ತಾಗದಿದ್ದರೆ ಒಂದೇ ಕಡೆ ಕೂತು ಚರ್ಮ ಸತ್ತು ಹುಣ್ಣಾಗುತ್ತದೆ, ನೋವೇ ಇಲ್ಲದ ಕಾರಣ ತಿಳಿಯುವುದೇ ಇಲ್ಲ. ಅದಕ್ಕೆ ಗಾಲಿಕುರ್ಚಿಯಲ್ಲಿ ಕೂತವರು ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಊರಿ ಮೈ ಎತ್ತಬೇಕು, ಹಾಸಿಗೆಯಲ್ಲಿದ್ದರೆ ಎರಡು ಗಂಟೆಗೊಮ್ಮೆ ಯಾರಾದರೂ ಮಗ್ಗುಲು ಬದಲಿಸಬೇಕು. ಇಂಥ ಕೆಲಸ ಮಾಡುವ ಹೆಂಡತಿಗೆ, ತಾಯಿಗೆ ಯಾವ ಪದಕವೂ ಇಲ್ಲ. ನಮ್ಮ ಮನೆಗಳಲ್ಲೂ ಪಾರ್ಶ್ವವಾಯು ಹೊಡೆದ ಹಿರಿಯರನ್ನು ನೋಡಿಕೊಂಡ ಹೆಂಗಸರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಹಣ ಹೋಗುವುದು ಎಲ್ಲಿಗೆ?

ಸವಾರಿಗೆ ಮುಂಚೆ ನಮ್ಮ ಗುಂಪಿನಲ್ಲಿ ಒಂದು ಚರ್ಚೆ ನಡೆದಿತ್ತು. ಕೆಲವರು ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್, ಫ್ಲೆಕ್ಸ್, ವೇದಿಕೆ, ಮುಖ್ಯ ಅತಿಥಿ ಬೇಕು ಅಂದರು. ಲೆಕ್ಕ ಹಾಕಿದರೆ ತಲಾ 300 ರೂಪಾಯಿಯ ಟೀ ಶರ್ಟ್ ಮೂವತ್ತು ಜನರಿಗೆ 9,000. ಕಿಲೋಮೀಟರಿಗೆ 10 ರೂಪಾಯಿಯಂತೆ ಕೊಟ್ಟ ಹದಿನೇಳು ಜನರ ಹಣ ಬರೀ ಅಂಗಿಗೆ ಹೋಗುತ್ತದೆ. ನಿವೃತ್ತ ಮೇಷ್ಟ್ರು ಈ ಲೆಕ್ಕ ಓದಿ ಹೇಳಿದ ಮೇಲೆ ಟೀ ಶರ್ಟ್ ಮಾತು ನಿಂತಿತು. ಪೆಟ್ರೋಲು, ತಿಂಡಿ ಎಲ್ಲ ನಮ್ಮ ಕೈಯಿಂದ, ಎತ್ತಿದ ಹಣ ಪೂರ್ತಿ ಯೋಧರಿಗೆ ಅಂತ ತೀರ್ಮಾನ ಆಯಿತು. ಇಂಥ ಸವಾರಿಗೆ ಸೇರುವ ಮೊದಲು ನಮ್ಮ ಮಕ್ಕಳು ಕೇಳಬೇಕಾದ ಪ್ರಶ್ನೆ ಇದೇ: ನೂರು ರೂಪಾಯಿಯಲ್ಲಿ ಎಷ್ಟು ಅವರಿಗೆ ಮುಟ್ಟುತ್ತದೆ, ರಸೀದಿ ಯಾರು ಕೊಡುತ್ತಾರೆ?

ಹಣ ಕಳಿಸಲು ಸರಿಯಾದ ದಾರಿಗಳಿವೆ. ಒಂದು, ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿ. ಕೇಂದ್ರೀಯ ಸೈನಿಕ ಮಂಡಳಿ ಇದನ್ನು ನೋಡಿಕೊಳ್ಳುತ್ತದೆ. ನಮ್ಮ ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗಳಲ್ಲಿ ಹಣ ಕೊಟ್ಟು ರಸೀದಿ ಪಡೆಯಬಹುದು. ಬೆಳಗಾವಿಯಲ್ಲೂ ಇದೆ, ಮಂಗಳೂರಿನಲ್ಲೂ ಇದೆ. ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ ತೆರಿಗೆ ರಿಯಾಯಿತಿಯೂ ಸಿಗುತ್ತದೆ.

ಎರಡನೆಯದು ಯುದ್ಧ ಕಾರ್ಯಾಚರಣೆಯಲ್ಲಿ ಮಡಿದವರ ಕುಟುಂಬಗಳಿಗೂ ಗಾಯಗೊಂಡವರಿಗೂ ಇರುವ ಸಶಸ್ತ್ರ ಪಡೆಗಳ ಕಲ್ಯಾಣ ನಿಧಿ. ಇದಕ್ಕೆ ನಮ್ಮ ಉತ್ತರ ಕರ್ನಾಟಕದ ನಂಟು ಇದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟ್‌ನ ಹತ್ತು ಮಂದಿ ಹೂತುಹೋದರು. ಆರು ದಿನದ ಮೇಲೆ ಒಬ್ಬರು ಮಾತ್ರ ಜೀವಂತ ಸಿಕ್ಕಿದರು. ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ದೇಶವೇ ಕಾದು ಕೂತಿತ್ತು, ಫೆಬ್ರವರಿ 11ರಂದು ಅವರೂ ತೀರಿಕೊಂಡರು. ಆಗ ಸಾರ್ವಜನಿಕರು ಹಣ ಕೊಡುತ್ತೇವೆ, ಎಲ್ಲಿ ಕೊಡಬೇಕು ಅಂತ ಕೇಳತೊಡಗಿದ್ದರಿಂದ ಈ ನಿಧಿ ರೂಪ ಪಡೆಯಿತು. 2022ರಲ್ಲಿ 'ಮಾ ಭಾರತಿ ಕೆ ಸಪೂತ್' ಹೆಸರಲ್ಲಿ ಇದಕ್ಕೆ ನೇರವಾಗಿ ಹಣ ಹಾಕುವ ವೆಬ್‌ಸೈಟ್ ಬಂತು.

ಮೂರನೆಯದು ಪುಣೆಯ ಖಡಕಿಯಲ್ಲಿರುವ ಎರಡು ಹಳೇ ಸಂಸ್ಥೆಗಳು. ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ 1917ರಲ್ಲಿ ಮೊದಲ ಮಹಾಯುದ್ಧದಲ್ಲಿ ಅಂಗ ಕಳೆದುಕೊಂಡವರಿಗೆ ಕೈಕೆಲಸ ಕಲಿಸಲು ಹುಟ್ಟಿದ್ದು. ಮೆಸಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕ್‌ನಲ್ಲಿ, ಮರಾಠಾ ಪಲ್ಟನ್‌ಗಳು ಹೋರಾಡಿದ ಕಾಲ ಅದು. ಇನ್ನೊಂದು 1974ರಿಂದ ನಡೆಯುತ್ತಿರುವ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರ. ಬೆನ್ನುಹುರಿಯ ಗಾಯದಿಂದ ನಡೆಯಲಾಗದ ಯೋಧರು ಅಲ್ಲಿ ವಾಸವಿದ್ದಾರೆ. ಕೈ ಆಡದವರಲ್ಲಿ ಕೆಲವರು ಬಾಯಲ್ಲಿ ಕುಂಚ ಹಿಡಿದು ಚಿತ್ರ ಬಿಡಿಸುತ್ತಾರೆ. ಧ್ವಜ ದಿನದ ನಿಧಿಯಿಂದ ಇಂಥ ಕೇಂದ್ರಗಳಿಗೂ ನೆರವು ಹೋಗುತ್ತದೆ. ಶಾಲೆಯ ಆ ಡಬ್ಬಿಯ ಕಾಸು ಇಲ್ಲಿಗೂ ಬಂದಿದೆ ಅಂದುಕೊಳ್ಳಬಹುದು.

ಗಾಯವಾದ ಮೇಲಿನ ಬದುಕು

ಗಾಯಾಳು ಅಂದ ಕೂಡಲೇ ಅಯ್ಯೋ ಪಾಪ ಅನ್ನುವ ಅಭ್ಯಾಸ ನಮಗೆಲ್ಲ ಇದೆ. ಬೆಳಗಾವಿಯ ಪಕ್ಕದ ಸಾಂಗ್ಲಿ ಜಿಲ್ಲೆಯ ಮುರಳಿಕಾಂತ್ ಪೇಟ್ಕರ್ ಸೇನೆಯಲ್ಲಿ ಬಾಕ್ಸರ್ ಆಗಿದ್ದವರು. 1965ರ ಯುದ್ಧದಲ್ಲಿ ಗುಂಡುಗಳು ತಾಗಿ ಕಾಲಿನ ಶಕ್ತಿ ಹೋಯಿತು. ಚಿಕಿತ್ಸೆಯ ಭಾಗವಾಗಿ ಈಜು ಹಿಡಿದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನಲ್ಲಿ ಬಂದ ಮೊದಲ ಚಿನ್ನ ಅದು. ಪದ್ಮಶ್ರೀ ಬಂದದ್ದು 2018ರಲ್ಲಿ, 46 ವರ್ಷ ಕಳೆದ ಮೇಲೆ. 1999ರ ಕಾರ್ಗಿಲ್ ಯುದ್ಧದ ವೇಳೆ ಮೋರ್ಟಾರ್ ಶೆಲ್ ಸಿಡಿದು ಮೇಜರ್ ಡಿ.ಪಿ. ಸಿಂಗ್ ತೀರಿಕೊಂಡರೆಂದೇ ವೈದ್ಯರು ಮೊದಲು ಭಾವಿಸಿದ್ದರು. ಕಾಲು ಕತ್ತರಿಸಬೇಕಾಯಿತು. ಆಮೇಲೆ ಅವರು ಬ್ಲೇಡ್ ಕಾಲಿನಲ್ಲಿ ಮ್ಯಾರಥಾನ್ ಓಡಿದರು, ತಮ್ಮಂತೆ ಅಂಗ ಕಳೆದುಕೊಂಡವರ ಗುಂಪೊಂದನ್ನು ಕಟ್ಟಿದರು.

ಇವರೆಲ್ಲ ಅಸಾಮಾನ್ಯರು, ಸರಿ. ಎಲ್ಲರೂ ಚಿನ್ನ ಗೆಲ್ಲಬೇಕಾಗಿಲ್ಲ. ನಮ್ಮ ಹವಾಲ್ದಾರರಿಗೆ ಬೇಕಾದದ್ದು ಹುಣ್ಣಿಲ್ಲದೆ ಹೊಲಕ್ಕೆ ಹೋಗಿ ಬರುವುದು, ತಿಂಗಳಿಗೊಮ್ಮೆ ಗೆಳೆಯರ ಜೊತೆ ಸೈಕಲ್ ತುಳಿಯುವುದು. ಖಾನಾಪುರದ ತಿಂಡಿಯ ಮೇಜಿನಲ್ಲೇ ಗುಂಪಿನವರು ಒಂದು ಪಟ್ಟಿ ಮಾಡಿದರು. ಪುಣೆಗೆ ಹೋಗಬೇಕಾದವರ ಜೊತೆ ಸರದಿಯಂತೆ ಒಬ್ಬೊಬ್ಬರು ಹೋಗುವುದು, ಕಾರಿದ್ದವರು ಕಾರು ಕೊಡುವುದು. ಪಟ್ಟಿಯಲ್ಲಿ ಮೊದಲು ಹೆಸರು ಬರೆಸಿದವನು ದಾರಿಯಲ್ಲಿ ನೂಕಲು ಹೋಗಿದ್ದ ಆ ಕಾಲೇಜು ಹುಡುಗ. ಎತ್ತಿದ ಹಣದ ರಸೀದಿ ವಾರದೊಳಗೆ ಎಲ್ಲರ ಮೊಬೈಲಿಗೂ ಬಂತು.

ಸೇರುವವರಿಗೆ ನಾಲ್ಕು ಮಾತು

ಬೆಳಗಾವಿಯಲ್ಲಿ ಓದುವ ನಮ್ಮ ಮಕ್ಕಳಿಗೆ ಇಂಥ ಸವಾರಿಯ ಆಹ್ವಾನ ಬಂದರೆ ಹೋಗಲಿ. ದುಬಾರಿ ಸೈಕಲ್ ಬೇಕಾಗಿಲ್ಲ. ಬ್ರೇಕ್ ಸರಿ ಇದ್ದು, ಸೀಟಿನ ಎತ್ತರ ಸರಿ ಇದ್ದರೆ ಸಾಕು. ಪೆಡಲ್ ಕೆಳಗಿದ್ದಾಗ ಮೊಣಕಾಲು ಸ್ವಲ್ಪವೇ ಮಡಚಿರಬೇಕು. ಹೆಲ್ಮೆಟ್ ಬೇಕೇ ಬೇಕು, ಹಿಂದೆ ಕೆಂಪು ದೀಪ ಬೇಕು. 52 ಕಿಲೋಮೀಟರ್ ಒಮ್ಮೆಗೇ ತುಳಿಯುವ ಮುಂಚೆ ಮೂರು ನಾಲ್ಕು ವಾರ 10, 20, 30 ಅಂತ ಏರಿಸುತ್ತಾ ಹೋಗಬೇಕು. ಹೋಗುವಾಗ ತುಳಿದು ಬರುವಾಗ ರೈಲಲ್ಲೋ ಟೆಂಪೋದಲ್ಲೋ ಬಂದರೂ ನಾಚಿಕೆಯಿಲ್ಲ. ಹೆದ್ದಾರಿಯಲ್ಲಿ ಒಬ್ಬೊಬ್ಬರೇ ಮುಂದೆ ಹೋಗುವುದು ಮಾತ್ರ ಬೇಡ.

ತುಳಿಯಲು ಆಗದವರಿಗೂ ಕೆಲಸ ಇದೆ. ಟೆಂಪೋ ಓಡಿಸುವವರು, ತಿಂಡಿ ಕಟ್ಟುವವರು, ಹಣದ ಲೆಕ್ಕ ಬರೆಯುವವರು ಇಲ್ಲದೆ ಸವಾರಿ ನಡೆಯುವುದಿಲ್ಲ. ನಮ್ಮ ಗುಂಪಿನ ಲೆಕ್ಕ ಇಟ್ಟದ್ದು ಸೈಕಲ್ ಹತ್ತಲು ಬಾರದ ಒಬ್ಬ ತಾಯಿ.

ಕರಾವಳಿಯಲ್ಲೇ ಇರುವವರು ಬೆಳಗಾವಿಯವರೆಗೆ ಬರಬೇಕಾಗಿಲ್ಲ. ನಿಮ್ಮ ಊರಿನಲ್ಲೂ ಮಾಜಿ ಸೈನಿಕರು ಇದ್ದಾರೆ, ಗಾಯಗೊಂಡು ಬಂದವರೂ ಇರಬಹುದು. ಡಿಸೆಂಬರ್‌ನಲ್ಲಿ ಮಂಗಳೂರಿನ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿದರೆ ಹಣ ಕೊಡುವ ದಾರಿಯೂ ತಿಳಿಯುತ್ತದೆ, ಯಾರಿಗೆ ಏನು ಬೇಕು ಅನ್ನುವುದೂ ತಿಳಿಯುತ್ತದೆ. ಬೀಚ್ ರೋಡಿನಲ್ಲಿ ಹತ್ತು ಕಿಲೋಮೀಟರ್ ತುಳಿದರೂ ಸವಾರಿಯೇ. ಮುಂದೆ ಹೋಗುವವರು ನಿಧಾನದವರಾಗಿರಲಿ. ರಸೀದಿ ಜೋಪಾನವಾಗಿರಲಿ. ಸವಾರಿ ಮುಗಿದ ಮುಂದಿನ ತಿಂಗಳು ಅವರಲ್ಲಿ ಒಬ್ಬರಿಗಾದರೂ ಫೋನ್ ಮಾಡಿ, "ಆಸ್ಪತ್ರೆಗೆ ಯಾವಾಗ ಹೋಗುವುದು, ನಾನು ಬರುತ್ತೇನೆ" ಅಂತ ಹೇಳಿ.